ಬಂಪ್ ಸ್ಟಾಪ್: ಅಲಕ್ಷ್ಯಕ್ಕೊಳಗಾದ ಒಂದು ಬಿಡಿಭಾಗ

ಮಳೆಗಾಲದಲ್ಲಿ ಲೋಣಾವಳಾಕ್ಕೆ ಮುಂಬಯಿ, ಪುಣೆಗಳಿಂದ ಅಸಂಖ್ಯ ವಾಹನಗಳು ಬರುತ್ತವೆ. 2002ರಲ್ಲಿ ಪೂರ್ಣಗೊಂಡ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಬಿಟ್ಟು ರಾಜಮಾಚಿ ಕೋಟೆಯ ಕಡೆಗಿನ ಒರಟು ದಾರಿ ಹಿಡಿದಾಗ, ಐವರನ್ನೂ ಅವರ ಸಾಮಾನುಗಳನ್ನೂ ಹೊತ್ತ ಚಿಕ್ಕ ಎಸ್‌ಯುವಿಯ ಅಡಿಯಿಂದ ‘ಧಡ್’ ಎಂಬ ಸದ್ದು ಕೇಳಿಬರುವುದುಂಟು. ಸ್ಪ್ರಿಂಗು ಕುಗ್ಗುವ ಮಿತಿ ಮುಗಿಯಿತೆಂಬುದರ ಸೂಚನೆಯಿದು.

ಆ ಮಿತಿಯಲ್ಲಿ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವುದೇ ಬಂಪ್ ಸ್ಟಾಪ್. ಇದು ರಬ್ಬರಿನಿಂದ ಅಥವಾ ಸೂಕ್ಷ್ಮರಂಧ್ರಗಳುಳ್ಳ ಪಾಲಿಯುರಿಥೇನಿನಿಂದ ಮಾಡಿದ ತುಂಡು. ಮುಂಭಾಗದಲ್ಲಿ ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರಿನ ದಂಡದ ಮೇಲೆ, ಧೂಳು ತಡೆಯುವ ಹೊದಿಕೆಯೊಳಗೆ ಇರುತ್ತದೆ. ಒತ್ತಿದಷ್ಟೂ ಗಡುಸಾಗುವುದು ಇದರ ಗುಣ. ಆದುದರಿಂದ ಆಘಾತವು ಒಮ್ಮೆಲೇ ಎರಗದೆ ಕ್ರಮಕ್ರಮವಾಗಿ ತಗ್ಗುತ್ತದೆ. ಇದು ಶಿಥಿಲಗೊಂಡರೆ ಪೆಟ್ಟು ಶಾಕ್ ಅಬ್ಸಾರ್ಬರಿಗೂ ಅದರ ಮೇಲಿನ ಜೋಡಣೆಗೂ ತಗಲುತ್ತದೆ. ದುಬಾರಿ ಶಾಕ್ ಅಬ್ಸಾರ್ಬರನ್ನು ಬದಲಾಯಿಸಿ, ಅಲ್ಪ ಬೆಲೆಯ ಈ ತುಂಡನ್ನು ಹಳೆಯದೇ ಉಳಿಸಿಕೊಳ್ಳುವುದು ಮಿತವ್ಯಯವೆನಿಸದು.

ಪಾಲಿಯುರಿಥೇನು ತೇವ ಹಾಗೂ ಶಾಖಗಳಿಂದ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಆದಕಾರಣ ಮಳೆಗಾಲ ಮುಗಿದೊಡನೆ ಬಿರುಕು, ಸವೆತಗಳಿಗಾಗಿ ಪರೀಕ್ಷಿಸುವುದು ಯುಕ್ತ. ಹೊದಿಕೆ ಹರಿದಿದ್ದರೆ ಅದನ್ನೂ ಬದಲಾಯಿಸಬೇಕು. ಎಣ್ಣೆ, ಗ್ರೀಸ್ ಸವರಕೂಡದು. ಎಡಬಲದ ತುಂಡುಗಳನ್ನು ಒಟ್ಟಿಗೇ ಬದಲಾಯಿಸುವುದು ಒಳ್ಳೆಯದು. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರು ತುಂಡು ಸಿಕ್ಕಿಸುವ ಪದ್ಧತಿ ಇದಕ್ಕೆ ಬದಲಿಯಲ್ಲ.

ಮುಂಭಾಗದ ಕೆಲಸವನ್ನು ಮನೆಯಲ್ಲಿ ಕೈಗೊಳ್ಳಬಾರದು. ಅದುಮಿಟ್ಟ ಸ್ಪ್ರಿಂಗು ಹಿಡಿತ ತಪ್ಪಿ ಸಿಡಿದರೆ ಪ್ರಾಣಾಪಾಯವಿದೆ. ತಕ್ಕ ಉಪಕರಣವುಳ್ಳ ಕಾರ್ಯಾಗಾರದಲ್ಲಿಯೇ ಅದನ್ನು ಮಾಡಿಸತಕ್ಕದ್ದು. ಹೊಸ ತುಂಡು ಹಾಕಿದ ಬಳಿಕವೂ ಸದ್ದು ನಿಲ್ಲದಿದ್ದರೆ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದೆಯೇ, ಹೇರಿದ ಭಾರ ಮಿತಿ ಮೀರಿದೆಯೇ ಎಂದು ನೋಡಬೇಕು.