ಮಾತು ಯಾರದು, ಧ್ವನಿ ಯಾರದು: ‘ಮೈ ಫೇರ್ ಲೇಡಿ’ ಚಿತ್ರದ ಪಠ್ಯಪರಂಪರೆ

ಸಾಹಿತ್ಯಕೃತಿಯೊಂದು ಚಲನಚಿತ್ರವಾಗಿ ರೂಪಾಂತರಗೊಂಡಾಗ ನಡೆಯುವ ಚರ್ಚೆಯು ಸಾಮಾನ್ಯವಾಗಿ ಮೂಲನಿಷ್ಠೆಯ ಪ್ರಶ್ನೆಯ ಸುತ್ತಲೇ ಸುಳಿಯುತ್ತದೆ. ಚಿತ್ರವು ಮೂಲಕ್ಕೆ ಎಷ್ಟು ಹತ್ತಿರವಾಗಿದೆ, ಎಲ್ಲಿ ದೂರ ಸರಿದಿದೆ ಎಂಬ ಲೆಕ್ಕಾಚಾರವೇ ವಿಮರ್ಶೆ ಎನಿಸಿಕೊಳ್ಳುತ್ತದೆ. ಮೂಲವೆಂಬುದು ಒಂದೇ ಆಗಿದ್ದಾಗ ಈ ಲೆಕ್ಕಾಚಾರಕ್ಕೆ ಅಷ್ಟಿಷ್ಟು ಅರ್ಥವಿರಬಹುದು. ಮೂಲಗಳು ಹಲವಾಗಿ, ಅವು ಪರಸ್ಪರ ಜಗಳವಾಡುತ್ತಿದ್ದರೆ ಏನು ಮಾಡಬೇಕು? 1964ರಲ್ಲಿ ತೆರೆಕಂಡ ‘ಮೈ ಫೇರ್ ಲೇಡಿ’ ಎಂಬ ಪ್ರಣಯ ಹಾಸ್ಯಚಿತ್ರ ಇಂಥ ಇಕ್ಕಟ್ಟನ್ನು ಮುಂದಿಡುತ್ತದೆ. ಅದರ ಹಿಂದೆ 1956ರ ಸಂಗೀತನಾಟಕವಿದೆ. ಅದರ ಹಿಂದೆ 1938ರ ಚಲನಚಿತ್ರ. ಅದಕ್ಕೂ ಹಿಂದೆ ಜಾರ್ಜ್ ಬರ್ನಾರ್ಡ್ ಷಾನ ‘ಪಿಗ್ಮಾಲಿಯನ್’ ನಾಟಕ. ಎಲ್ಲಕ್ಕೂ ಹಿಂದೆ ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸಿಸ್’ ಕಾವ್ಯದ ಹತ್ತನೆಯ ಭಾಗದಲ್ಲಿ ಬರುವ ಒಂದು ಪುಟ್ಟ ಕತೆ. ಈ ಸರಣಿಯಲ್ಲಿ ಕತೆಯ ನಡೆಯಷ್ಟೇ ಅಲ್ಲ, ಅದರ ಕೊನೆಯೂ ಮತ್ತೆ ಮತ್ತೆ ಬದಲಾಗಿದೆ. ಬದಲಾವಣೆಯ ಕೇಂದ್ರದಲ್ಲಿರುವುದು ಒಬ್ಬ ಹೆಣ್ಣಿನ ಮಾತು.

ಓವಿಡ್‌ನ ಕತೆಯಲ್ಲಿ ಹೆಣ್ಣಿಗೆ ಮಾತೇ ಇಲ್ಲ. ಸೈಪ್ರಸ್ ದ್ವೀಪದ ಪಿಗ್ಮಾಲಿಯನ್ ಹೆಂಗಸರ ನಡತೆಯಿಂದ ಬೇಸತ್ತು ಒಂಟಿಯಾಗಿ ಬದುಕುತ್ತ, ದಂತದಲ್ಲಿ ಹೆಣ್ಣಿನ ಪ್ರತಿಮೆಯೊಂದನ್ನು ಕೆತ್ತಿ ಅದನ್ನೇ ಮೋಹಿಸುತ್ತಾನೆ. ವೀನಸ್ ದೇವಿಯ ಹಬ್ಬದಲ್ಲಿ ಆತ ಬೇಡಿಕೊಂಡಂತೆ ಪ್ರತಿಮೆಗೆ ಜೀವ ಬರುತ್ತದೆ, ಮದುವೆಯೂ ಆಗುತ್ತದೆ. ಜೀವ ಪಡೆದ ಹೆಣ್ಣು ನಾಚುತ್ತಾಳೆ, ಕಣ್ಣು ತೆರೆಯುತ್ತಾಳೆ, ಆದರೆ ಒಂದು ಮಾತನ್ನೂ ಆಡುವುದಿಲ್ಲ. ಆಕೆಗೊಂದು ಹೆಸರೂ ಇಲ್ಲ. ಇಂದು ಪ್ರಚಲಿತವಿರುವ ಗಲಾಟಿಯಾ ಎಂಬ ಹೆಸರು ಈ ಕತೆಗೆ ನೆಲೆಯಾಗಿ ಅಂಟಿಕೊಂಡದ್ದು 18ನೆಯ ಶತಮಾನದಲ್ಲಿ. ಈ ಮೌನವನ್ನು ತಲೆಕೆಳಗು ಮಾಡಿದ್ದೇ ಷಾನ ಸಾಧನೆ. ಅವನ ಎಲೈಜಾ ಡೂಲಿಟಲ್ ಲಂಡನ್ನಿನ ಕಾವೆಂಟ್ ಗಾರ್ಡನ್ ಬಳಿ ಹೂ ಮಾರುವ ಹುಡುಗಿ. ಮೊದಲ ದೃಶ್ಯದಿಂದಲೇ ಬಾಯಿಮಾಡುವವಳು. ಶಿಲ್ಪಿಯ ಜಾಗದಲ್ಲಿ ಹೆನ್ರಿ ಹಿಗಿನ್ಸ್ ಎಂಬ ಧ್ವನಿವಿಜ್ಞಾನಿ ಇದ್ದಾನೆ. ಆರು ತಿಂಗಳಲ್ಲಿ ಈಕೆಯ ಕಾಕ್ನಿ ಉಚ್ಚಾರವನ್ನು ತಿದ್ದಿ ಸಿರಿವಂತರ ಕೂಟದಲ್ಲಿ ಡಚೆಸ್ ಎಂದು ನಂಬಿಸಬಲ್ಲೆ ಎಂಬುದು ಅವನ ಪಣ. ಪಣಕ್ಕೆ ಸಾಕ್ಷಿಯಾಗುವ ಕರ್ನಲ್ ಪಿಕರಿಂಗ್ ಭಾರತದಿಂದ ಮರಳಿದವನು, ಭಾರತೀಯ ಭಾಷೆಗಳ ವಿದ್ವಾಂಸ. ವಸಾಹತಿನ ಭಾಷೆಗಳನ್ನು ಅಳೆದು ಬಂದವನು ರಾಜಧಾನಿಯ ಬೀದಿಯ ಭಾಷೆಯನ್ನು ತಿದ್ದುವ ಪ್ರಯೋಗಕ್ಕೆ ಹಣ ಹಾಕುತ್ತಾನೆ ಎಂಬ ವ್ಯಂಗ್ಯವನ್ನು ಷಾ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ.

ಹಿಗಿನ್ಸನ ಪಾತ್ರದ ಹಿಂದೆ ಹೆನ್ರಿ ಸ್ವೀಟ್ ಎಂಬ ನಿಜವಾದ ಧ್ವನಿವಿಜ್ಞಾನಿಯ ನೆರಳಿದೆ ಎಂಬುದನ್ನು ನಾಟಕದ ಮುನ್ನುಡಿಯೇ ಸೂಚಿಸುತ್ತದೆ. ಷಾ ಐರಿಷ್ ಮೂಲದವನು, ಡಬ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದವನು. ಇಂಗ್ಲಿಷರು ಬಾಯಿ ತೆರೆದ ಕ್ಷಣವೇ ಪರಸ್ಪರರ ವರ್ಗವನ್ನು ಅಳೆಯುತ್ತಾರೆ ಎಂಬುದನ್ನು ಅವನು ಹೊರಗಿನವನಾಗಿ ಕಂಡಿದ್ದ. ಕಾಕ್ನಿಯ ಬಹು ಪ್ರಸಿದ್ಧ ಲಕ್ಷಣವೆಂದರೆ ಪದಾದಿಯ ಹಕಾರ ಬಿದ್ದುಹೋಗುವುದು. ಇದು ಕನ್ನಡ ಅಧ್ಯಾಪಕರಿಗೆ ಅಪರಿಚಿತವಾದ ಸಂಗತಿಯೇನಲ್ಲ. ಕನ್ನಡದ ಹಲವು ಪ್ರಭೇದಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹಣ’ ‘ಅಣ’ ಆಗುತ್ತದೆ. ತಿದ್ದಿಕೊಳ್ಳುವ ಆತುರದಲ್ಲಿ ‘ಅಕ್ಕಿ’ ‘ಹಕ್ಕಿ’ಯಾಗುವುದೂ ಉಂಟು. ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆದದ್ದನ್ನು ಭಾಷಾವಿಕಾಸವೆಂದು ಪಾಠ ಹೇಳುವ ತರಗತಿಯಲ್ಲಿಯೇ ‘ಹಾಲು’ ‘ಆಲು’ ಆದದ್ದನ್ನು ತಪ್ಪೆಂದು ತಿದ್ದಲಾಗುತ್ತದೆ. ಹಿಗಿನ್ಸನ ಪ್ರಯೋಗಶಾಲೆಯು ನಗು ಹುಟ್ಟಿಸುವುದರ ಜೊತೆಗೆ ಇರಿಸುಮುರಿಸನ್ನೂ ಉಂಟುಮಾಡುವುದು ಈ ಕಾರಣಕ್ಕಾಗಿ. ಬದಲಾಗುವುದು ಉಚ್ಚಾರ ಮಾತ್ರ ಎಂದು ಹಿಗಿನ್ಸ್ ಭಾವಿಸುತ್ತಾನೆ. ಹಳೆಯ ಬೀದಿಗೆ ಮರಳಲಾಗದ, ಹೊಸ ಸಮಾಜದಲ್ಲಿ ಹೊಟ್ಟೆಪಾಡಿಗೆ ದಾರಿಯಿಲ್ಲದ ಅತಂತ್ರ ಸ್ಥಿತಿಯನ್ನು ಅನುಭವಿಸುವವಳು ಎಲೈಜಾ.

‘ಪಿಗ್ಮಾಲಿಯನ್’ ಮೊದಲು ಪ್ರದರ್ಶನಗೊಂಡದ್ದು 1913ರ ಅಕ್ಟೋಬರ್ 16ರಂದು ವಿಯೆನ್ನಾದಲ್ಲಿ, ಜರ್ಮನ್ ಅನುವಾದದಲ್ಲಿ. ಇಂಗ್ಲಿಷ್ ಉಚ್ಚಾರವನ್ನೇ ವಸ್ತುವಾಗಿಸಿಕೊಂಡ ನಾಟಕದ ಮೊದಲ ಪ್ರೇಕ್ಷಕರು ಜರ್ಮನ್ನರ ಭಾಷೆಯವರು ಎಂಬುದು ಸ್ವಾರಸ್ಯಕರ. 1914ರ ಏಪ್ರಿಲ್ 11ರಂದು ಅದು ಲಂಡನ್ನಿನ ರಂಗಕ್ಕೆ ಬಂದಿತು. ಷಾ ಅದನ್ನು ಐದು ಅಂಕಗಳ ರೊಮ್ಯಾನ್ಸ್ ಎಂದು ಕರೆದಿದ್ದ. ಅವನ ಅರ್ಥದಲ್ಲಿ ರೊಮ್ಯಾನ್ಸ್ ಎಂದರೆ ಅಸಂಭವನೀಯ ಪರಿವರ್ತನೆಯ ಕತೆ. ನಾಯಕ ನಾಯಿಕೆಯರು ಕೂಡಬೇಕೆಂಬ ಕರಾರು ಅದರಲ್ಲಿರಲಿಲ್ಲ. ನಾಟಕದ ಕೊನೆಯಲ್ಲಿ ಎಲೈಜಾ ತನ್ನ ತಂದೆಯ ಮದುವೆಗೆ ಹೊರಡುತ್ತಾಳೆ, ಹಿಗಿನ್ಸ್ ಮನೆಯಲ್ಲಿ ಉಳಿಯುತ್ತಾನೆ. ಆದರೆ ಹಿಗಿನ್ಸನ ಪಾತ್ರ ವಹಿಸಿದ್ದ ಹರ್ಬರ್ಟ್ ಬಿಯರ್‌ಬೋಮ್ ಟ್ರೀ ಪರದೆ ಬೀಳುವ ಮುನ್ನ ಎಲೈಜಾಳತ್ತ ಹೂವೆಸೆಯುವ ಅಭ್ಯಾಸ ಮಾಡಿಕೊಂಡ. ಸಂಭಾಷಣೆಯ ಒಂದಕ್ಷರವೂ ಬದಲಾಗಲಿಲ್ಲ. ಅರ್ಥ ಪೂರ್ತಿ ಬದಲಾಯಿತು. ಇದರಿಂದ ಕೆರಳಿದ ಷಾ 1916ರ ಮುದ್ರಣಕ್ಕೆ ದೀರ್ಘವಾದ ಗದ್ಯ ಉತ್ತರಕತೆಯೊಂದನ್ನು ಸೇರಿಸಿ, ಎಲೈಜಾ ಫ್ರೆಡ್ಡಿ ಎಂಬ ಬಡ ಸಭ್ಯ ತರುಣನನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳೆಂದು ವಿವರಿಸಿದ. ಸೃಷ್ಟಿಕರ್ತನನ್ನು ಸೃಷ್ಟಿ ಪ್ರೀತಿಸಲಾರದು ಎಂಬುದು ಅಲ್ಲಿನ ವಾದದ ತಿರುಳು. ಲೇಖಕನೊಬ್ಬ ತನ್ನ ಓದುಗರೊಡನೆ ಇಷ್ಟು ನೇರವಾಗಿ ವಾಗ್ವಾದಕ್ಕಿಳಿದದ್ದು ಅಪರೂಪವೇ. ವಾದದಲ್ಲಿ ಷಾ ಸೋತ ಎನ್ನದೆ ವಿಧಿಯಿಲ್ಲ, ಏಕೆಂದರೆ ಪ್ರೇಕ್ಷಕರು ಉತ್ತರಕತೆಯನ್ನು ಓದುವುದಿಲ್ಲ.

ಸೋಲು ಗಟ್ಟಿಯಾದದ್ದು ಸಿನಿಮಾದಲ್ಲಿ. ನಿರ್ಮಾಪಕ ಗೇಬ್ರಿಯಲ್ ಪ್ಯಾಸ್ಕಲ್ 1938ರಲ್ಲಿ ಸಿದ್ಧಪಡಿಸಿದ ‘ಪಿಗ್ಮಾಲಿಯನ್’ ಚಿತ್ರವನ್ನು ಆಂಥನಿ ಆಸ್ಕ್ವಿತ್ ಮತ್ತು ಲೆಸ್ಲಿ ಹೋವರ್ಡ್ ನಿರ್ದೇಶಿಸಿದರು; ಹೋವರ್ಡ್ ಸ್ವತಃ ಹಿಗಿನ್ಸ್, ವೆಂಡಿ ಹಿಲ್ಲರ್ ಎಲೈಜಾ. ಚಿತ್ರಕತೆಗೆ ಷಾ ತಾನೇ ಕೈಹಚ್ಚಿದ. ನಾಟಕದಲ್ಲಿ ಪರದೆಯ ಹಿಂದೆ ನಡೆದುಹೋಗುತ್ತಿದ್ದ ಔತಣಕೂಟವನ್ನು ಹೊಸ ದೃಶ್ಯವಾಗಿ ಬರೆದ. ಸ್ಪೇನ್ ದೇಶದ ಮಳೆಯನ್ನು ಕುರಿತ ಪ್ರಸಿದ್ಧ ಉಚ್ಚಾರಾಭ್ಯಾಸವೂ 1913ರ ನಾಟಕದ್ದಲ್ಲ, ಈ ಚಿತ್ರದ್ದು. ಕೊನೆಯ ವಿಷಯದಲ್ಲಿ ಮಾತ್ರ ನಿರ್ಮಾಪಕರು ಷಾನ ಆಯ್ಕೆಯನ್ನು ಬದಿಗಿಟ್ಟರು. ಎಲೈಜಾಳ ಹಳೆಯ ಧ್ವನಿಮುದ್ರಣವನ್ನು ಕೇಳುತ್ತ ಕುಳಿತ ಹಿಗಿನ್ಸನ ಬಳಿಗೆ ಆಕೆ ಮರಳುತ್ತಾಳೆ. ಅವನು ತನ್ನ ಪಾದರಕ್ಷೆಗಳೆಲ್ಲಿ ಎಂದು ಕೇಳುತ್ತಾನೆ. ಇದೇ ಚಿತ್ರಕ್ಕೆ ಚಿತ್ರಕತೆಯ ಅಕಾಡೆಮಿ ಪ್ರಶಸ್ತಿಯಲ್ಲಿ ಷಾನಿಗೆ ಪಾಲು ಬಂದಿತು. 1941ರ ಪರಿಷ್ಕೃತ ಮುದ್ರಣದಲ್ಲಿ ಅವನು ಚಿತ್ರದ ಹೊಸ ದೃಶ್ಯಗಳನ್ನು ಸೇರಿಸಿಕೊಂಡ, ಆದರೆ ಚಿತ್ರದ ಕೊನೆಯನ್ನು ಸ್ವೀಕರಿಸಲಿಲ್ಲ. ಹೀಗಾಗಿ ‘ಮೂಲ ನಾಟಕ’ ಎಂದು ಇಂದು ಕೈಗೆ ಸಿಗುವ ಮುದ್ರಣದಲ್ಲಿ ಸಿನಿಮಾದ ಅಂಶವೂ ಬೆರೆತಿರುತ್ತದೆ ಎಂಬುದನ್ನು ಸಂಶೋಧಕರು ಗಮನಿಸಬೇಕು.

ತನ್ನ ನಾಟಕ ಸಂಗೀತರೂಪಕವಾಗುವುದಕ್ಕೆ ಷಾ ಬದುಕಿರುವವರೆಗೂ ಒಪ್ಪಲಿಲ್ಲ. ‘ಆರ್ಮ್ಸ್ ಅಂಡ್ ದಿ ಮ್ಯಾನ್’ ನಾಟಕವನ್ನು ಆಧರಿಸಿ 1908ರಲ್ಲಿ ಬಂದ ‘ದಿ ಚಾಕೊಲೆಟ್ ಸೋಲ್ಜರ್’ ಅವನಿಗೆ ಕಹಿ ಅನುಭವವಾಗಿತ್ತು. 1950ರಲ್ಲಿ ಷಾ ತೀರಿಕೊಂಡ ನಂತರವೇ ಅಲನ್ ಜೇ ಲರ್ನರ್ ಮತ್ತು ಫ್ರೆಡರಿಕ್ ಲೋವೆ ಈ ಕೆಲಸಕ್ಕೆ ಕೈಹಾಕಿದರು. ಮೊದಲ ಯತ್ನ ಕೈಗೂಡದೆ ಬಿಟ್ಟು, 1954ರಲ್ಲಿ ಮತ್ತೆ ಹಿಡಿದರು. ಉಪಕಥೆಯಿಲ್ಲದ, ಮಾತೇ ಪ್ರಧಾನವಾದ ನಾಟಕದಲ್ಲಿ ಹಾಡಿಗೆ ಎಡೆಯೆಲ್ಲಿ ಎಂಬುದು ಅವರ ತೊಡಕಾಗಿತ್ತು. ಷಾನ ಅಂಕಗಳ ನಡುವಿನ ಬಿಡುವಿನಲ್ಲಿ ಏನು ನಡೆದಿರಬಹುದೋ ಅದನ್ನು ರಂಗದ ಮೇಲೆ ತರುವುದು ಅವರು ಕಂಡುಕೊಂಡ ದಾರಿ. 1914ರಲ್ಲಿ ಎಲೈಜಾಳ ಬಾಯಿಂದ ಬಂದ ಒಂದು ಅಸಭ್ಯ ಪದಕ್ಕೆ ಲಂಡನ್ ಬೆಚ್ಚಿಬಿದ್ದಿತ್ತು. ನಲವತ್ತು ವರ್ಷಗಳಲ್ಲಿ ಆ ಪದ ಸವೆದಿದ್ದರಿಂದ ಲರ್ನರ್ ಸನ್ನಿವೇಶವನ್ನು ಆಸ್ಕಟ್ ಕುದುರೆ ಜೂಜಿನ ಮೈದಾನಕ್ಕೆ ಒಯ್ದು, ಬೇರೊಂದು ಪದವನ್ನು ಇಟ್ಟರು. ಕೊನೆಯನ್ನು ಮಾತ್ರ ಅವರು 1938ರ ಚಿತ್ರದಿಂದಲೇ ಎತ್ತಿಕೊಂಡರು. ಎಲೈಜಾಳ ಮುಂದಿನ ಬದುಕನ್ನು ಕುರಿತ ಷಾನ ತೀರ್ಮಾನ ಸರಿಯೆಂದು ತಮಗೆ ಖಚಿತವಿಲ್ಲವೆಂದು ಲರ್ನರ್ ಮುದ್ರಿತ ಪಠ್ಯದಲ್ಲಿ ಹೇಳಿಕೊಂಡಿದ್ದಾರೆ. 1956ರ ಮಾರ್ಚ್ 15ರಂದು ನ್ಯೂಯಾರ್ಕಿನಲ್ಲಿ ಆರಂಭವಾದ ‘ಮೈ ಫೇರ್ ಲೇಡಿ’ 2,717 ಪ್ರದರ್ಶನಗಳನ್ನು ಕಂಡಿತು. ರೆಕ್ಸ್ ಹ್ಯಾರಿಸನ್ ಹಿಗಿನ್ಸ್, ಜೂಲಿ ಆಂಡ್ರ್ಯೂಸ್ ಎಲೈಜಾ.

ಚಿತ್ರದ ಹಕ್ಕಿಗಾಗಿ ಜ್ಯಾಕ್ ವಾರ್ನರ್ 55 ಲಕ್ಷ ಡಾಲರ್ ತೆತ್ತರು. ಒಟ್ಟು ವೆಚ್ಚ ಸುಮಾರು 1 ಕೋಟಿ 70 ಲಕ್ಷ ಡಾಲರ್. ಜಾರ್ಜ್ ಕ್ಯೂಕರ್ ನಿರ್ದೇಶನದಲ್ಲಿ 1963ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಚಿತ್ರೀಕರಣ ನಡೆಯಿತು. ಕಾವೆಂಟ್ ಗಾರ್ಡನ್ನಿನ ಬೀದಿಯಾಗಲಿ, ಆಸ್ಕಟ್ ಮೈದಾನವಾಗಲಿ ಲಂಡನ್ನಿನದಲ್ಲ. ಎಲ್ಲವೂ ಕ್ಯಾಲಿಫೋರ್ನಿಯಾದ ಸ್ಟುಡಿಯೋದೊಳಗೆ ಕಟ್ಟಿದ್ದು. ಕಪ್ಪು ಬಿಳುಪು ಉಡುಪುಗಳಲ್ಲಿ ಬೊಂಬೆಗಳಂತೆ ನಿಂತ ಸಿರಿವಂತರ ಆಸ್ಕಟ್ ದೃಶ್ಯ ವಿನ್ಯಾಸಕಾರ ಸೆಸಿಲ್ ಬೀಟನ್‌ನ ಕೊಡುಗೆ. ಅಲ್ಲಿ ಪ್ರತಿಮೆಗಳಾಗಿರುವವರು ಅವರು, ಜೀವವಿರುವವಳು ಎಲೈಜಾ. ಓವಿಡ್‌ನ ಕತೆಯನ್ನು ಚಿತ್ರವು ಅರಿತೋ ಅರಿಯದೆಯೋ ಹೀಗೆ ತಿರುಗಿಸಿದೆ. ಹಿಗಿನ್ಸನ ಪ್ರಯೋಗಶಾಲೆಯ ವಿವರಗಳಿಗೆ ಸಲಹೆಗಾರರಾಗಿದ್ದವರು ಧ್ವನಿವಿಜ್ಞಾನಿ ಪೀಟರ್ ಲ್ಯಾಡಿಫೋಗೆಡ್. ಚಿತ್ರದಲ್ಲಿ ಯಂತ್ರದಿಂದ ಕೇಳಿಬರುವ ಸ್ವರಗಳು ಅವರ ಕಂಠದವು. ಕನ್ನಡದ ಸೋದರ ಭಾಷೆಯಾದ ನೀಲಗಿರಿಯ ತೊದ ಭಾಷೆಯ ಕಂಪಿತ ಧ್ವನಿಗಳನ್ನು 1990ರ ದಶಕದಲ್ಲಿ ಸಂಶೋಧಿಸಿದವರಲ್ಲಿಯೂ ಇವರಿದ್ದರು.

ನಾಯಿಕೆಯ ಧ್ವನಿಯ ಪ್ರಶ್ನೆ ಬಿಕ್ಕಟ್ಟಾದದ್ದು ಇಲ್ಲಿಯೇ. ಜೂಲಿ ಆಂಡ್ರ್ಯೂಸ್ ಸಿನಿಮಾ ಪ್ರೇಕ್ಷಕರಿಗೆ ಪರಿಚಿತರಲ್ಲವೆಂಬ ಕಾರಣಕ್ಕೆ ವಾರ್ನರ್ ಆಡ್ರೆ ಹೆಪ್‌ಬರ್ನ್ ಅವರನ್ನು ಆರಿಸಿದರು. ಹೆಪ್‌ಬರ್ನ್ ಹಾಡುಗಳನ್ನು ಕಲಿತು ಮುದ್ರಿಸಿದ್ದರು. ಆದರೂ ಚಿತ್ರದಲ್ಲಿ ಬಹುಪಾಲು ಕೇಳುವುದು ಹಿನ್ನೆಲೆ ಗಾಯಕಿ ಮಾರ್ನಿ ನಿಕ್ಸನ್ ಅವರ ಕಂಠ. ಅವರ ಹೆಸರು ಚಿತ್ರದ ಹೆಸರುಪಟ್ಟಿಯಲ್ಲಿ ಇರಲಿಲ್ಲ. ಹಿನ್ನೆಲೆ ಗಾಯನವನ್ನು ಸಹಜವೆಂದು ಒಪ್ಪಿ ಗಾಯಕರನ್ನೇ ತಾರೆಗಳನ್ನಾಗಿಸಿದ ಭಾರತೀಯ ಸಿನಿಮಾದ ಸಂದರ್ಭದಲ್ಲಿ ಇದು ಸಮಸ್ಯೆಯೇ ಅಲ್ಲ ಎನಿಸಬಹುದು. ಹಾಲಿವುಡ್‌ನಲ್ಲಿ ಅದು ಮುಚ್ಚಿಡಬೇಕಾದ ಸಂಗತಿಯಾಗಿತ್ತು. ಅದೇ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ನಿರಾಕರಿಸಿದರು. ಅವರ ಕೊರಳಪಟ್ಟಿಯಲ್ಲಿ ನಿಸ್ತಂತು ಮೈಕನ್ನು ಅಡಗಿಸಿ ಅಭಿನಯದ ಜೊತೆಯಲ್ಲಿಯೇ ಧ್ವನಿಯನ್ನು ಮುದ್ರಿಸಲಾಯಿತು. ಹಿಗಿನ್ಸನಿಗೆ ತನ್ನದೇ ಧ್ವನಿ ದೊರೆಯಿತು, ಎಲೈಜಾಳಿಗೆ ದೊರೆಯಲಿಲ್ಲ. ಹೆಣ್ಣಿನ ಮಾತನ್ನು ಗಂಡು ತಿದ್ದುವ ಕತೆಯನ್ನು ಹೇಳುತ್ತಲೇ ನಿರ್ಮಾಣ ವ್ಯವಸ್ಥೆಯು ಅದೇ ಕೆಲಸವನ್ನು ತೆರೆಯ ಹಿಂದೆ ಮಾಡಿತು. ಚಿತ್ರಕ್ಕೆ ಎಂಟು ಅಕಾಡೆಮಿ ಪ್ರಶಸ್ತಿಗಳು ಬಂದವು. ಹ್ಯಾರಿಸನ್ ಶ್ರೇಷ್ಠ ನಟರಾದರು. ಹೆಪ್‌ಬರ್ನ್ ನಾಮನಿರ್ದೇಶನವನ್ನೂ ಪಡೆಯಲಿಲ್ಲ. ಆ ವರ್ಷದ ಶ್ರೇಷ್ಠ ನಟಿ ‘ಮೇರಿ ಪಾಪಿನ್ಸ್’ ಚಿತ್ರದ ಜೂಲಿ ಆಂಡ್ರ್ಯೂಸ್.

ಚಿತ್ರದ ಕೊನೆಯ ದೃಶ್ಯವನ್ನು ಈ ಹಿನ್ನೆಲೆಯಲ್ಲಿ ಮರಳಿ ನೋಡಬೇಕು. ಹಿಗಿನ್ಸ್ ಕೇಳುತ್ತಿರುವುದು ಎಲೈಜಾಳ ತಿದ್ದದ ಹಳೆಯ ಮಾತು. ಆಕೆ ಬಂದು ಯಂತ್ರವನ್ನು ನಿಲ್ಲಿಸಿ, ಆ ಮಾತನ್ನು ತಾನೇ ಹಳೆಯ ಕಾಕ್ನಿಯಲ್ಲಿ ಮುಂದುವರಿಸುತ್ತಾಳೆ. ಇದನ್ನು ಶರಣಾಗತಿ ಎಂದು ಓದುವುದು ರೂಢಿ. ಎರಡೂ ಭಾಷೆಗಳು ಈಗ ಆಕೆಯ ವಶದಲ್ಲಿವೆ, ಯಾವುದನ್ನು ಯಾವಾಗ ಆಡಬೇಕೆಂಬ ಆಯ್ಕೆ ಆಕೆಯದು ಎಂದು ಓದುವುದಕ್ಕೂ ದೃಶ್ಯದಲ್ಲಿ ಆಧಾರವಿದೆ. ಆದರೆ ಕೊನೆಯ ಮಾತು ಹಿಗಿನ್ಸನದೇ. ಅದು ಪಾದರಕ್ಷೆಯನ್ನು ಕುರಿತದ್ದು. ಎರಡನೆಯ ಓದಿಗೆ ಈ ಮಾತು ಬಲವಾದ ಅಡ್ಡಿ.

2018ರಲ್ಲಿ ಬಾರ್ಟ್ಲೆಟ್ ಶೆರ್ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಸಂಗೀತನಾಟಕವನ್ನು ಮತ್ತೆ ರಂಗಕ್ಕೆ ತಂದಾಗ ಎಲೈಜಾ ಹಿಗಿನ್ಸನನ್ನು ಅಲ್ಲಿಯೇ ಬಿಟ್ಟು, ರಂಗದಿಂದಿಳಿದು, ಪ್ರೇಕ್ಷಕರ ನಡುವಿನ ದಾರಿಯಲ್ಲಿ ನಡೆದುಹೋದಳು. ಟ್ರೀ ಎಸೆದ ಹೂವಿಗೆ ನೂರಾನಾಲ್ಕು ವರ್ಷಗಳ ನಂತರ ಸಿಕ್ಕ ಉತ್ತರವಿದು. ಇದೂ ಮಾತಿನಲ್ಲಿ ಬರಲಿಲ್ಲ, ಚಲನೆಯಲ್ಲಿ ಬಂದಿತು. ಮುದ್ರಿತವಾಗಿಬಿಟ್ಟ ಚಲನಚಿತ್ರಕ್ಕೆ ಇಂಥ ಅವಕಾಶವಿಲ್ಲ. 1994ರಲ್ಲಿ ಚಿತ್ರವನ್ನು ಜೀರ್ಣೋದ್ಧಾರ ಮಾಡಿದ ನಂತರ ಹೆಪ್‌ಬರ್ನ್ ಸ್ವತಃ ಹಾಡಿದ್ದ ಹಾಡುಗಳಲ್ಲಿ ಕೆಲವನ್ನು ಡಿಸ್ಕಿನ ಅನುಬಂಧದಲ್ಲಿ ಸೇರಿಸಲಾಯಿತು. ಕಂಠ ಅಲ್ಲಲ್ಲಿ ತೆಳುವಾಗುತ್ತದೆ, ಮೇಲಿನ ಸ್ವರಗಳಲ್ಲಿ ಎಡವುತ್ತದೆ. ಹೂ ಮಾರುವ ಹುಡುಗಿಯ ಕಂಠದಂತೆ ಕೇಳುತ್ತದೆ.