ಫಾಲುನ್ ಗಣಿಯ ಕೊಳೆಯದ ಶವ

ಸ್ವೀಡನ್ನಿನ ಫಾಲುನ್ ತಾಮ್ರದ ಗಣಿಯಲ್ಲಿ 1719ರಲ್ಲಿ ನೀರು ತುಂಬಿದ ಹಳೆಯ ಸುರಂಗವೊಂದರಿಂದ ಯುವಕನೊಬ್ಬನ ಶವವನ್ನು ಹೊರತೆಗೆದರು. ಮುಖ ಕೆಟ್ಟಿರಲಿಲ್ಲ. ಆದರೂ ಅವನು ಯಾರೆಂದು ಗಣಿಗಾರರಿಗೆ ತಿಳಿಯಲಿಲ್ಲ. ಕೊನೆಗೆ ಮಹಿಳೆಯೊಬ್ಬಳು, ಇವನು ತನ್ನನ್ನು ಮದುವೆಯಾಗಬೇಕಾಗಿದ್ದ ಮಾಟ್ಸ್ ಇಸ್ರೇಲ್ಸನ್ ಎಂದು ಗುರುತಿಸಿದಳು. ಅವನು ಕಾಣೆಯಾದದ್ದು 1677ರಲ್ಲಿ! 42 ವರ್ಷ ಶವ ಕೊಳೆಯದೆ ಉಳಿದದ್ದು ಹೇಗೆ?

ಉತ್ತರ ಅಲ್ಲಿನ ಶಿಲೆಯಲ್ಲಿದೆ. ಸುಮಾರು 190 ಕೋಟಿ ವರ್ಷಗಳ ಹಿಂದೆ ಈ ಪ್ರದೇಶದಲ್ಲಿ ಜ್ವಾಲಾಮುಖಿಗಳಿದ್ದವು. ಬಿಸಿ ಶಿಲೆಗಳ ಬಿರುಕುಗಳಲ್ಲಿ ಹರಿದ ಸಮುದ್ರದ ನೀರು ಕಬ್ಬಿಣ, ತಾಮ್ರ, ಸತು, ಸೀಸಗಳನ್ನು ಕರಗಿಸಿ ತಂದು ಸಲ್ಫೈಡ್‌ಗಳಾಗಿ ಸಂಚಯಿಸಿತು. ಇವುಗಳಲ್ಲಿ ಹೆಚ್ಚಿನದು ಪೈರೈಟ್, ಅಂದರೆ ಕಬ್ಬಿಣದ ಸಲ್ಫೈಡ್, ತಾಮ್ರವಿರುವುದು ಚಾಲ್ಕೋಪೈರೈಟಿನಲ್ಲಿ. ಗಾಳಿ ತಾಗದಿರುವವರೆಗೆ ಇವು ಸುಮ್ಮನಿರುತ್ತವೆ. ಸುರಂಗ ತೋಡಿದೊಡನೆ ಆಕ್ಸಿಜನ್ ಮತ್ತು ನೀರು ಸೇರಿ ಸಲ್ಫೈಡನ್ನು ಉತ್ಕರ್ಷಿಸುತ್ತವೆ. ಗಂಧಕಾಮ್ಲವೂ ಕಬ್ಬಿಣ, ತಾಮ್ರಗಳ ಸಲ್ಫೇಟುಗಳೂ ಉಂಟಾಗುತ್ತವೆ. ತಾಮ್ರದ ಸಲ್ಫೇಟ್ ಎಂದರೆ ಮೈಲುತುತ್ತ. ಕೊಳೆರೋಗ ಬಾರದಂತೆ ನಮ್ಮ ಅಡಿಕೆ ಬೆಳೆಗಾರರು ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವುದೂ ಇದೇ. ಇಂಥ ನೀರಿನಲ್ಲಿ ನೆನೆದ ಶವದ ಮೇಲೆ ಸೂಕ್ಷ್ಮಜೀವಿಗಳ ಆಟ ನಡೆಯಲಿಲ್ಲ. ಹೊರಗೆ ಒಣಗಿದ ಮೇಲೆ ಅದು ಗಡುಸಾಯಿತು. ಜನ ಅದನ್ನು ಕಲ್ಲಾದ ಮನುಷ್ಯ ಎಂದರು, ಅದು ಸರಿಯಲ್ಲ.

ಈ ಗಣಿಗೆ ಕನಿಷ್ಠ ಸಾವಿರ ವರ್ಷಗಳ ಇತಿಹಾಸವಿದೆ. ಸಿಡಿಮದ್ದು ಬರುವ ಮೊದಲು ಬಂಡೆಗೆ ಒತ್ತಾಗಿ ಸೌದೆ ಉರಿಸುತ್ತಿದ್ದರು. ಬಿಸಿಯಾದ ಹೊರಪದರ ಹಿಗ್ಗುತ್ತದೆ, ಒಳಭಾಗ ಹಿಗ್ಗುವುದಿಲ್ಲ. ಆದ್ದರಿಂದ ಬಂಡೆ ಬಿರಿಯುತ್ತದೆ. 17ನೆಯ ಶತಮಾನದಲ್ಲಿ ಯೂರೋಪಿನ ತಾಮ್ರದ ಸುಮಾರು ಮೂರನೆಯ ಎರಡು ಭಾಗ ಇಲ್ಲಿಂದಲೇ ಬರುತ್ತಿತ್ತು. ಅದಿರಿನಾಸೆಗೆ ಯೋಜನೆಯಿಲ್ಲದೆ ತೋಡುತ್ತ ಹೋದರು, ಮೇಲಿನ ಭಾರ ಹೊರುವ ಕಂಬಗಳು ಸವೆದವು. ಕಂಬದ ಅಡ್ಡಕೊಯ್ತ ಅರ್ಧಕ್ಕಿಳಿದರೆ ಅದರ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆಂಬುದು ಸರಳ ಲೆಕ್ಕ. 1687ರ ಬೇಸಗೆಯ ನಡುಹಬ್ಬದ ದಿನ ಎಲ್ಲವೂ ಕುಸಿದು ದೊಡ್ಡ ಕಮರಿಯೇ ಆಯಿತು. ಅಂದು ರಜೆ ಇದ್ದುದರಿಂದ ಯಾರೂ ಸಾಯಲಿಲ್ಲ. ಹಬ್ಬ ಕಾಪಾಡಿತೇ ಹೊರತು ಎಚ್ಚರಿಕೆಯಲ್ಲ.

1992ರಲ್ಲಿ ಗಣಿ ಮುಚ್ಚಿತು. 2001ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪೈರೈಟಿಗೆ ಇದು ತಿಳಿಯದು! ತ್ಯಾಜ್ಯದ ರಾಶಿಗಳಲ್ಲಿ ಉತ್ಕರ್ಷಣೆ ಮುಂದುವರಿದೇ ಇದೆ. ಶತಮಾನಗಳಿಂದ ಜಿನುಗಿದ ಲೋಹಗಳು ಸಮೀಪದ ರುನ್ ಸರೋವರದ ತಳದ ಕೆಸರಿನಲ್ಲಿ ಸೇರಿವೆ. ಅದೇ ರಾಶಿಗಳಲ್ಲಿ ಉಂಟಾದ ಕಬ್ಬಿಣದ ಆಕ್ಸೈಡುಗಳಿಂದ ತಯಾರಾಗುವ ಕೆಂಪು ಬಣ್ಣವನ್ನು ಸ್ವೀಡನ್ನಿನ ಮರದ ಮನೆಗಳಿಗೆ ಇಂದಿಗೂ ಬಳಿಯುತ್ತಾರೆ.

ಮಾಟ್ಸ್‌ನ ದೇಹವನ್ನು ಕೊನೆಯ ಬಾರಿಗೆ ಮಣ್ಣು ಮಾಡಿದ್ದು 1930ರಲ್ಲಿ.