ಎತ್ತಿಲ್ಲದ ಚಕ್ಕಡಿ: ಟ್ರಾವೆಲ್ ಟ್ರೇಲರ್ ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ



ಕೂಟದ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಕನಿಷ್ಠ ಐದು ಜನ ಕೇಳಿದರು, "ನೀವೇ ಅಲ್ವಾ ಟ್ರೇಲರ್ ಮನೆಯಲ್ಲಿ ಇದ್ದವರು? ಹೇಗಿತ್ತು? ನಾವೂ ತಗೋಬೇಕು ಅಂತಿದ್ದೀವಿ" ಎಂದು. ಕೈಯಲ್ಲಿ ಬಿಸಿಬೇಳೆಭಾತ್ ತಟ್ಟೆ ಹಿಡಿದು ವಿವರಿಸುವ ವಿಷಯ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾವು 2024ರಲ್ಲಿ ಹಳೆಯದೊಂದು ಟ್ರೇಲರ್ ಕೊಂಡೆವು. 2025ರ ಬೇಸಿಗೆ ರಜೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಒಂಬತ್ತು ವಾರ ಅದರಲ್ಲೇ ಬದುಕಿದೆವು. ಯೊಸೆಮಿಟಿಯ ಸೂರ್ಯೋದಯದ ಫೋಟೊಗಳನ್ನು ನೀವು ಈಗಾಗಲೇ ನೋಡಿದ್ದೀರಿ. ಫೋಟೊದಲ್ಲಿ ಕಾಣದ್ದನ್ನು ಹೇಳುತ್ತೇನೆ.

ನಾನು ಹಾವೇರಿ ಕಡೆಯವನು. ಸವದತ್ತಿ ಯಲ್ಲಮ್ಮನ ಜಾತ್ರೆಗೆ ನಮ್ಮ ಅಜ್ಜ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಕಥೆ ಕೇಳುತ್ತಲೇ ಬೆಳೆದವನು. ರೊಟ್ಟಿ ಬುತ್ತಿ, ಶೇಂಗಾ ಚಟ್ನಿ, ಎತ್ತಿಗೆ ಮೇವು, ಹಾಸಿಗೆ ಎಲ್ಲ ಬಂಡಿಯಲ್ಲೇ. ರಾತ್ರಿ ಬಂಡಿಯ ಕೆಳಗೇ ನಿದ್ದೆ. ಅಮೆರಿಕನ್ನರು ಇದೇನೋ ತಾವೇ ಕಂಡುಹಿಡಿದ ಹಾಗೆ ಮಾತಾಡುತ್ತಾರೆ, ಇರಲಿ ಬಿಡಿ. ಸಾಮಾನು ಏರುವಾಗ ಅಜ್ಜ ಒಂದು ಮಾತು ಹೇಳುತ್ತಿದ್ದನಂತೆ: "ಹಿಂಭಾರ ಆಗಬಾರದು." ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಒಡೆಯುತ್ತದೆ. ಟ್ರೇಲರಿನ ಇಡೀ ಶಾಸ್ತ್ರ ಇದೇ ಮಾತಿನಲ್ಲಿದೆ. ನನಗೆ ಅದು ಅರ್ಥವಾಗಲು ಅಲ್ಟಮಾಂಟ್ ಪಾಸಿನ ಗಾಳಿ ಬೇಕಾಯಿತು. ಆ ಕಥೆ ಆಮೇಲೆ.

ಮೊದಲು ತೂಕ. ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪೇನೆಂದರೆ, ಕಾರಿನ ಜಾಹೀರಾತಿನಲ್ಲಿ "5,000 ಪೌಂಡ್ ಎಳೆಯುತ್ತದೆ" ಎಂದು ಓದಿ, ಟ್ರೇಲರಿನ ಬ್ರೋಷರಿನಲ್ಲಿ "3,800 ಪೌಂಡ್" ಎಂದು ಓದಿ, "ಅಯ್ಯೋ ಇನ್ನೂ 1,200 ಮಿಗುತ್ತೆ" ಎಂದು ಖುಷಿಪಡುವುದು. ನಾನೂ ಪಟ್ಟೆ. ಎರಡೂ ಸಂಖ್ಯೆ ನಿಜವೇ, ಆದರೆ ಎರಡೂ ನಮಗೆ ಬೇಕಾದ ಸಂಖ್ಯೆಯಲ್ಲ.

ಬ್ರೋಷರಿನ ತೂಕ ಖಾಲಿ ಗಾಡಿಯದು. 40 ಗ್ಯಾಲನ್ ನೀರು ತುಂಬಿಸಿ: ಗ್ಯಾಲನ್ನಿಗೆ 8.34 ಪೌಂಡಿನಂತೆ ಸುಮಾರು 334 ಪೌಂಡ್ ಆಯಿತು. 20 ಪೌಂಡಿನ ಎರಡು ಸಿಲಿಂಡರಿನ ಗ್ಯಾಸ್ 40 ಪೌಂಡ್. ಬ್ಯಾಟರಿ 60. ಪಾತ್ರೆ, ಬಟ್ಟೆ, ಹಾಸಿಗೆ, ಅಕ್ಕಿ ಬೇಳೆ, ನಮ್ಮಮ್ಮ ಕಳಿಸಿದ ಉಪ್ಪಿನಕಾಯಿ ಎಲ್ಲ ಸೇರಿ ಇನ್ನೊಂದು 400 ಹಿಡಿಯಿರಿ. 4,600 ದಾಟಿತು. ಆದರೂ 5,000ದ ಒಳಗೇ ಇದೆಯಲ್ಲ ಅಂತೀರಾ? ಈಗ ನಿಮ್ಮ ಕಾರಿನ ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ಅಂಟಿಸಿರುವ ಹಳದಿ-ಬಿಳಿ ಸ್ಟಿಕರ್ ನೋಡಿ. ಪ್ರಯಾಣಿಕರು ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಬರೆದಿರುತ್ತದೆ. ಅದೇ ಪೇಲೋಡ್. ನಮ್ಮ ಆಗಿನ ಎಸ್‌ಯುವಿಯಲ್ಲಿ ಇದ್ದದ್ದು 1,100 ಪೌಂಡ್. ನಾವು ನಾಲ್ವರ ತೂಕ 440 (ಯಾರದ್ದು ಎಷ್ಟು ಅಂತ ಬರೆದರೆ ಮನೆಯಲ್ಲಿ ಊಟ ಸಿಗುವುದಿಲ್ಲ). ಕಾರಿನೊಳಗಿನ ಸಾಮಾನು 150. ಉಳಿದದ್ದು 510. ಟ್ರೇಲರಿನ ಮೂತಿ ಕಾರಿನ ಹಿಂಭಾಗದ ಮೇಲೆ ಕೂರುತ್ತದಲ್ಲ, ಆ ಭಾರವೂ ಇದೇ 510ರಲ್ಲಿ ಬರಬೇಕು. ಆ ಭಾರ ಟ್ರೇಲರಿನ ತೂಕದ ಶೇಕಡಾ 10ರಿಂದ 15ರಷ್ಟು ಇರಬೇಕೆಂಬುದು ನಿಯಮ. ಶೇಕಡಾ 12 ಅಂದರೂ 552. ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಹಿಚ್ಚಿಗೇ 80. ಒಟ್ಟು 632. ಅಂದರೆ 122 ಪೌಂಡ್ ಹೆಚ್ಚು! "ಐದು ಸಾವಿರ ಎಳೆಯುವ" ಕಾರಿನಲ್ಲಿ ನಾಲ್ಕು ಸಾವಿರದ ಆರುನೂರರ ಟ್ರೇಲರ್ ಕಟ್ಟಲಾಗದು. ಊರಿಂದ ಅಪ್ಪ ಅಮ್ಮ ಬಂದು ಹಿಂದಿನ ಸೀಟಿನಲ್ಲಿ ಕೂತರೆ ಕೇಳುವುದೇ ಬೇಡ.

ಗಾಡಿ ಮಾರುವವರು ಈ ಲೆಕ್ಕವನ್ನು ತಾವಾಗಿ ಮಾಡಿಕೊಡುವುದಿಲ್ಲ. ನನಗೆ ಮಾರಲು ಬಂದವರಂತೂ "ದಿನಾ ನೂರು ಜನ ಎಳೀತಾರೆ" ಎಂದರು. ಕೊನೆಗೆ ಎಸ್‌ಯುವಿ ಕೊಟ್ಟು, ಬಾಗಿಲಿನಲ್ಲಿ 1,750 ಎಂದು ಬರೆದಿದ್ದ ಹಳೆಯ ಪಿಕಪ್ ಟ್ರಕ್ ತೆಗೆದುಕೊಂಡೆವು. ಹಾಗಾಗಿ ಮೊದಲು ಸ್ಟಿಕರ್ ಓದಿ, ಆಮೇಲೆ ಟ್ರೇಲರ್ ನೋಡಲು ಹೋಗಿ. ನಾವು ಉಲ್ಟಾ ಮಾಡಿದ್ದು.

ನಿಜವಾದ ತೂಕ ತಿಳಿಯಲು ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಎಲ್ಲರೂ ಕೂತು, ಎಲ್ಲ ತುಂಬಿ, ಒಮ್ಮೆ ಟ್ರೇಲರ್ ಕಟ್ಟಿ ತೂಗಿ (ಹಿಚ್ಚಿನ ಬಿಗಿ ಸರಳುಗಳನ್ನು ಸಡಿಲ ಬಿಟ್ಟು), ಒಮ್ಮೆ ಬಿಚ್ಚಿ ಬರೀ ವಾಹನ ತೂಗಿ. ವಾಹನದ ಚಕ್ರಗಳ ಮೇಲಿನ ತೂಕದಲ್ಲಿ ಬರುವ ವ್ಯತ್ಯಾಸವೇ ಮೂತಿಯ ಭಾರ. ಕೆಲವೇ ಡಾಲರಿನ ಖರ್ಚು.

ಈಗ ಅಲ್ಟಮಾಂಟ್ ಕಥೆ. 2024ರ ಜೂನ್, ಯೊಸೆಮಿಟಿಯಿಂದ ವಾಪಸ್. 120ರಲ್ಲಿ ಇಳಿದು, ಮಂಟೀಕ, 205, ಆಮೇಲೆ 580. ಹೊರಡುವ ಮುಂಚೆ ಜಾಣನಂತೆ ನೀರಿನ ಟ್ಯಾಂಕು ಖಾಲಿ ಮಾಡಿದ್ದೆ. ನಮ್ಮ ಟ್ರೇಲರಿನಲ್ಲಿ ಆ ಟ್ಯಾಂಕು ಇರುವುದು ಅಚ್ಚಿನ ಮುಂದೆ. ಜೊತೆಗೆ ನಾಲ್ಕು ಸೈಕಲ್ಲುಗಳನ್ನು ಟ್ರೇಲರಿನ ಹಿಂದಿನ ಬಂಪರಿಗೆ ನೇತುಹಾಕಿದ್ದೆ. ಮುಂದಿನ ಭಾರ ತೆಗೆದು ಹಿಂದೆ ಭಾರ ಏರಿಸಿದೆ. ಅಜ್ಜ ಬೇಡವೆಂದದ್ದು ಇದನ್ನೇ. ಗುಡ್ಡ ಹತ್ತಿ ಲಿವರ್‌ಮೋರ್ ಕಡೆ ಇಳಿಯುವಾಗ ಸಂಜೆಯ ಗಾಳಿ, ವೇಗ 63. ಪಕ್ಕದಲ್ಲಿ ದೊಡ್ಡ ಟ್ರಕ್ಕೊಂದು ಹಾದುಹೋಯಿತು. ಹಿಂದಿನಿಂದ ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ ಟ್ರೇಲರ್ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬಾಲ ಬೀಸತೊಡಗಿತು. ಪ್ರತಿ ಸಲವೂ ಇನ್ನಷ್ಟು ಜೋರಾಗಿ. ಹೆಂಡತಿ "ರೀ..." ಅಂದದ್ದು ಬಿಟ್ಟರೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಆಗ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಒತ್ತಬಾರದು. ಮುಂದಿನ ಗಾಡಿ ನಿಧಾನವಾದರೆ ಹಿಂದಿನದು ದಬ್ಬುತ್ತದೆ, ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಸ್ಟಿಯರಿಂಗನ್ನು ಎದುರು ಬದಿಗೆ ತಿರುಗಿಸಲೂ ಬಾರದು. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಡ್ಯಾಶ್‌ಬೋರ್ಡಿನಲ್ಲಿರುವ ಬ್ರೇಕ್ ಕಂಟ್ರೋಲರಿನ ಕೈಪಿಡಿಯನ್ನು ಮೃದುವಾಗಿ ಒತ್ತಬೇಕು. ಅದು ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯುತ್ತದೆ, ಹಿಂದಿನಿಂದ ಹಗ್ಗ ಜಗ್ಗಿದಂತೆ ಗಾಡಿ ನೇರವಾಗುತ್ತದೆ. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಾಲ್ಕು ವಾರಾಂತ್ಯ ಅಭ್ಯಾಸ ಮಾಡಿದ್ದರಿಂದ ಬೆರಳು ಅಲ್ಲಿಗೆ ಹೋಯಿತು. ಲಿವರ್‌ಮೋರಿನಲ್ಲಿ ಇಳಿದು ಗಾಡಿ ನಿಲ್ಲಿಸಿದಾಗ ನನ್ನ ಕೈ ಇನ್ನೂ ನಡುಗುತ್ತಿತ್ತು. ಸೈಕಲ್ಲುಗಳನ್ನು ಬಿಚ್ಚಿ ಟ್ರಕ್ಕಿಗೆ ಹಾಕಿದೆ. ಅಂದಿನಿಂದ ಬಂಪರಿಗೆ ಒಂದು ಚೀಲವನ್ನೂ ಕಟ್ಟಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿ 55, ಬೋರ್ಡಿನಲ್ಲಿ 65 ಇರಲಿ 70 ಇರಲಿ. ನಾನು 63ರಲ್ಲಿ ಇದ್ದದ್ದು ಕಾನೂನಿಗೂ ತಪ್ಪು, ಭೌತಶಾಸ್ತ್ರಕ್ಕೂ ತಪ್ಪು. ಟ್ರೇಲರ್ 1,500 ಪೌಂಡಿಗಿಂತ ಭಾರವಿದ್ದರೆ ಅದಕ್ಕೆ ಸ್ವಂತ ಬ್ರೇಕ್ ಕಡ್ಡಾಯ. 10,000 ಪೌಂಡಿನವರೆಗೆ ನಮ್ಮ ಸಾಮಾನ್ಯ ಲೈಸೆನ್ಸೇ ಸಾಕು. ಓಡುತ್ತಿರುವ ಟ್ರಾವೆಲ್ ಟ್ರೇಲರಿನೊಳಗೆ ಯಾರೂ ಕೂರುವಂತಿಲ್ಲ. "ಮಕ್ಕಳು ಹಿಂದೆ ಮಲಗಿರಲಿ" ಎಂದು ಊರಿನಿಂದ ಬಂದ ಹಿರಿಯರು ಹೇಳಿದರೆ ನಯವಾಗಿ ಬೇಡ ಎನ್ನಿ. ಯೊಸೆಮಿಟಿಗೆ 120ರಲ್ಲಿ ಹೋಗುವವರು ಓಲ್ಡ್ ಪ್ರೀಸ್ಟ್ ಗ್ರೇಡ್ ಎಂಬ ಕಡಿದಾದ ದಾರಿಯನ್ನು ಬಿಟ್ಟು ನ್ಯೂ ಪ್ರೀಸ್ಟ್ ಗ್ರೇಡ್ ಹಿಡಿಯಿರಿ. ಸುತ್ತು ಹೆಚ್ಚು, ಆದರೆ ಬ್ರೇಕು ಸುಡುವುದಿಲ್ಲ.

ಟೈರಿನ ಬಗ್ಗೆ ಒಂದೇ ಮಾತು. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. ನಮ್ಮದರಲ್ಲಿ 3517 ಇತ್ತು, ಅಂದರೆ 2017ರ 35ನೇ ವಾರ. ಹಲ್ಲುಗಳು ಹೊಸದರಂತೆ ಇದ್ದವು, ರಬ್ಬರಿಗೆ ಏಳು ವರ್ಷ ವಯಸ್ಸಾಗಿತ್ತು. ಟ್ರೇಲರ್ ಟೈರುಗಳು ಸವೆಯುವ ಮೊದಲೇ ಮುದಿಯಾಗುತ್ತವೆ. ನಾಲ್ಕನ್ನೂ ಬದಲಿಸಿದೆವು.

ಇನ್ನು ಅಡುಗೆಮನೆ, ನಮ್ಮವರ ಮುಖ್ಯ ಪ್ರಶ್ನೆ. ಕರೆಂಟು 30 ಆಂಪ್, 120 ವೋಲ್ಟ್, ಅಂದರೆ 3,600 ವಾಟ್. ಎಸಿ 1,400 ನುಂಗುತ್ತದೆ, ನೀರು ಕಾಯಿಸುವ ಕೆಟಲ್ 1,500, ಮಿಕ್ಸಿ 750. ಮೂರೂ ಒಟ್ಟಿಗೆ ಹಾಕಿ, ಬ್ರೇಕರ್ ಬೀಳುತ್ತದೆ, ಅರ್ಧ ರುಬ್ಬಿದ ಚಟ್ನಿ ಕತ್ತಲಲ್ಲಿ. ಯೊಸೆಮಿಟಿ ಪಾರ್ಕಿನ ಕ್ಯಾಂಪುಗಳಲ್ಲಂತೂ ಕರೆಂಟಿನ ಸಂಪರ್ಕವೇ ಇಲ್ಲ. ಚಟ್ನಿಪುಡಿ, ಗೊಜ್ಜು, ಹುಳಿಪುಡಿ ಮನೆಯಲ್ಲೇ ಮಾಡಿಕೊಂಡು ಹೋಗಿ. ಒಗ್ಗರಣೆ ಹಾಕುವ ಮುಂಚೆ ಛಾವಣಿಯ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ನಾವು ಮೊದಲ ದಿನ ಸಾಸಿವೆ ಸಿಡಿಸಿದ್ದಕ್ಕೆ ಅಲಾರಂ ಕೂಗಿ ಪಕ್ಕದ ಕ್ಯಾಂಪಿನ ಅಜ್ಜಿ ಓಡಿ ಬಂದರು (ಉಪ್ಪಿಟ್ಟು ತಿಂದು ಹೋದರು). ಅಲಾರಮ್ಮಿನ ಬ್ಯಾಟರಿ ಮಾತ್ರ ತೆಗೆದಿಡಬೇಡಿ. ನೆಲದ ಹತ್ತಿರ ಇರುವುದು ಗ್ಯಾಸಿನ ಅಲಾರಂ, ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೇ ಸೇರುತ್ತದೆ. ಕಾರ್ಬನ್ ಮಾನಾಕ್ಸೈಡಿನ ಅಲಾರಂ ಬೇರೆಯೇ. ಚಳಿ ಎಂದು ಒಲೆ ಹಚ್ಚಿ ಮಲಗಿದವರು ಬೆಳಗ್ಗೆ ಏಳದ ಪ್ರಸಂಗಗಳಿವೆ.

ನೀರಿಗೆ ಮೂರು ಟ್ಯಾಂಕು: ಶುದ್ಧ ನೀರಿನದು, ಬಚ್ಚಲು-ಸಿಂಕಿನ ಬೂದು ನೀರಿನದು, ಶೌಚದ ಕಪ್ಪು ನೀರಿನದು. ಅಕ್ಕಿ ಮೂರು ಸಲ ತೊಳೆಯುವ ನಮಗೆ ಬೂದು ಟ್ಯಾಂಕು ಎರಡೇ ದಿನಕ್ಕೆ ತುಂಬುತ್ತದೆ. ನಮ್ಮ ಚೊಂಬಿನ ಪದ್ಧತಿ ಮಾತ್ರ ಕಪ್ಪು ಟ್ಯಾಂಕಿಗೆ ಒಳ್ಳೆಯದೇ, ನೀರು ಕಡಿಮೆಯಾದರೆ ಅಲ್ಲಿ ಗುಡ್ಡ ಕಟ್ಟುತ್ತದೆ. ಅದೇ ಕಾರಣಕ್ಕೆ ಕೊಳವೆ ಜೋಡಿಸಿದ್ದರೂ ಕಪ್ಪು ಟ್ಯಾಂಕಿನ ಬಾಗಿಲು ಮುಚ್ಚಿರಲಿ, ತುಂಬಿದ ಮೇಲೆ ಒಮ್ಮೆಲೇ ಬಿಡಿ. ಮೊದಲು ಕಪ್ಪು, ಆಮೇಲೆ ಬೂದು. ಬೂದು ನೀರು ಕೊಳವೆಯನ್ನು ತೊಳೆಯುತ್ತದೆ. ನಾನು ಒಮ್ಮೆ ಉಲ್ಟಾ ಮಾಡಿದೆ. ವಿವರ ಬೇಡ.

ಇನ್ನು ಎಲ್ಲಕ್ಕಿಂತ ಗಂಭೀರವಾದದ್ದು. "ಎಲ್ಲಿಂದಲಾದರೂ ಕೆಲಸ ಮಾಡಬಹುದಲ್ಲ, ವರ್ಷವಿಡೀ ರಸ್ತೆ ಮೇಲೇ ಇರೋಣ" ಎಂಬ ಆಸೆ ಇರುವವರು ಒಮ್ಮೆ ವೀಸಾ ನೋಡಿಕೊಳ್ಳಿ. ನನ್ನದಿನ್ನೂ ಎಚ್-1ಬಿ. ಅದು ಅರ್ಜಿಯಲ್ಲಿ ಬರೆದ ಕೆಲಸದ ಜಾಗಕ್ಕೆ ಕಟ್ಟಿದ ವೀಸಾ. 2015ರ ಸಿಮಿಯೊ ತೀರ್ಪಿನ ನಂತರ, ಕೆಲಸದ ಜಾಗ ಬೇರೆ ಮಹಾನಗರ ಪ್ರದೇಶಕ್ಕೆ ಬದಲಾದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ಅಲ್ಪಾವಧಿಗೆ ಕೆಲವು ವಿನಾಯಿತಿಗಳಿವೆ, ಆದರೆ ಅವನ್ನು ನೀವೇ ಅರ್ಥ ಮಾಡಿಕೊಂಡು ಹೊರಡಬೇಡಿ, ಕಂಪನಿಯ ವಕೀಲರನ್ನು ಕೇಳಿ. ಮೋಆಬ್‌ನ ಕೆಂಪು ಬಂಡೆಯ ಕೆಳಗೆ ಕೂತು ಕೋಡ್ ಬರೆದ ಫೋಟೊ ಚೆನ್ನಾಗಿರುತ್ತದೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ವರ್ಷ ನಿಂತವನಿಗೆ ಅಷ್ಟು ಬೆಲೆಯ ಫೋಟೊ ಬೇಡ.

ಹಾಗಾಗಿ ನಮ್ಮ ಒಂಬತ್ತು ವಾರ ಹೀಗಿತ್ತು: ಮೂರು ವಾರ ರಜೆ ಹಾಕಿ ದೂರದ ಊರುಗಳು. ಉಳಿದ ಆರು ವಾರ ಗಿಲ್‌ರಾಯ್ ಬಳಿಯ ಕಯೋಟಿ ಲೇಕ್, ಮೌಂಟ್ ಮಡೋನ ಮುಂತಾದ ಹತ್ತಿರದ ಪಾರ್ಕುಗಳಲ್ಲಿ ಬಿಡಾರ ಹೂಡಿ, ದಿನಾ 101 ಹಿಡಿದು ಸ್ಯಾನ್ ಹೋಸೆಯ ಆಫೀಸಿಗೆ. ಸಹೋದ್ಯೋಗಿಗಳಿಗೆ ಇದು ದೊಡ್ಡ ತಮಾಷೆ. ಮಕ್ಕಳಿಗೆ ಮಾತ್ರ ಕೆರೆಯ ಪಕ್ಕ ಬಡಕೋಳಿಗಳ ಹಿಂದೆ ಓಡುವುದಕ್ಕೂ ದೂರದ ಮೋಆಬಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಸರಕಾರಿ ಕ್ಯಾಂಪುಗಳಲ್ಲಿ ತಂಗುವ ದಿನಗಳಿಗೆ ಮಿತಿ ಇರುವುದರಿಂದ ಆಗಾಗ ಬಿಡಾರ ಎತ್ತಬೇಕು. ಅಪಾರ್ಟ್‌ಮೆಂಟ್ ಬಿಡಲಿಲ್ಲ, ವಿಳಾಸ ಬದಲಾಗಲಿಲ್ಲ. ನಿಜವಾಗಿಯೂ ಮನೆ ಬದಲಿಸುವವರು 10 ದಿನಗಳೊಳಗೆ ಎಆರ್-11 ಫಾರಂ ತುಂಬಬೇಕು ಎಂಬುದು ನೆನಪಿರಲಿ.

ಉಳಿದ ದಿನಗಳಲ್ಲಿ ಟ್ರೇಲರ್ ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನೂ ಯೋಚಿಸಿ. ಅನೇಕ ಎಚ್‌ಒಎಗಳು ಬಿಡುವುದಿಲ್ಲ, ರಸ್ತೆಯಲ್ಲಿ ಬಿಟ್ಟರೆ ನಗರಸಭೆ ಬಿಡುವುದಿಲ್ಲ. ಮೌಂಟನ್ ವ್ಯೂನಲ್ಲಿ 2020ರ ನವೆಂಬರಿನಲ್ಲಿ ಮತದಾರರು ಮೆಷರ್ ಸಿ ಎಂಬುದನ್ನು ಒಪ್ಪಿ, ಕಿರಿದಾದ ರಸ್ತೆಗಳಲ್ಲಿ ದೊಡ್ಡ ವಾಹನ ನಿಲ್ಲಿಸುವುದನ್ನು ನಿಷೇಧಿಸಿದರು. ಬಾಡಿಗೆ ಕೊಡಲಾಗದೆ ಇಂಥದೇ ಟ್ರೇಲರುಗಳಲ್ಲಿ ಸಂಸಾರ ಮಾಡುತ್ತಿದ್ದವರನ್ನು ಅದು ತಟ್ಟಿತು. ನಾವು ಹಣ ಕೊಟ್ಟು ಅನುಭವಿಸುವ "ಸಾಹಸ", ನಮ್ಮ ಆಫೀಸುಗಳ ಹಿಂದಿನ ಬೀದಿಯಲ್ಲೇ ಬೇರೆಯವರ ಅನಿವಾರ್ಯ. ಕಪ್ಪು ಟ್ಯಾಂಕು ಖಾಲಿ ಮಾಡಿದವನಿಗೆ ಅವರ ದಿನಚರಿ ಸ್ವಲ್ಪ ಅರ್ಥವಾಗುತ್ತದೆ.

ಕೊಳ್ಳುವ ಮುಂಚೆ ಒಮ್ಮೆ ಬಾಡಿಗೆಗೆ ತೆಗೆದುಕೊಳ್ಳಿ. ಕ್ಯಾಂಪಿಗೇ ತಂದು ನಿಲ್ಲಿಸಿ ಹೋಗುವ ಮಾಲೀಕರೂ ಇದ್ದಾರೆ, ಎಳೆಯುವ ತಲೆನೋವಿಲ್ಲ. ನಾಲ್ಕು ದಿನ ಅದರಲ್ಲಿದ್ದು ಸಂಸಾರ ಇನ್ನೂ ಮಾತಾಡುತ್ತಿದ್ದರೆ ಮುಂದಿನ ಯೋಚನೆ ಮಾಡಬಹುದು. ಯೊಸೆಮಿಟಿ ಕಣಿವೆಯ ಜಾಗಗಳು ಐದು ತಿಂಗಳ ಮೊದಲು, 15ನೇ ತಾರೀಕು ಬೆಳಗ್ಗೆ 7 ಗಂಟೆಗೆ ತೆರೆದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ತತ್ಕಾಲ್ ಟಿಕೆಟ್ ಮಾಡಿದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ.

ಕೂಟದ ಯುಗಾದಿ ಕಾರ್ಯಕ್ರಮದ ದಿನ ನಮ್ಮ ಟ್ರಕ್ಕು ಮತ್ತು ಟ್ರೇಲರ್ ಎರಡನ್ನೂ ಪಾರ್ಕಿಂಗ್ ಲಾಟಿನ ಹಿಂದಿನ ಮೂಲೆಯಲ್ಲಿ ನಿಲ್ಲಿಸಿರುತ್ತೇನೆ. ಊಟ ಆದ ಮೇಲೆ ಬನ್ನಿ, ಒಳಗೆ ನೋಡಬಹುದು, ಬ್ರೇಕ್ ಕಂಟ್ರೋಲರ್ ಒತ್ತಿ ನೋಡಬಹುದು. ಬರುವಾಗ ನಿಮ್ಮ ಕಾರಿನ ಬಾಗಿಲಿನ ಸ್ಟಿಕರಿನ ಫೋಟೊ ತನ್ನಿ, ಕಾಫಿ ಕುಡಿಯುತ್ತಾ ಲೆಕ್ಕ ಹಾಕೋಣ.